ಅಶ್ವಶಕ್ತಿಯ ಹಿಂದಿನ ಲೆಕ್ಕ

ಪಂಪ್‌ಸೆಟ್ಟಿನ ಮೈಗೆ ಹೊಡೆದಿರುವ ಸಣ್ಣ ತಗಡಿನ ಮೇಲೆ ಎಚ್.ಪಿ. ಎಂದು ಬರೆದಿರುತ್ತದೆ. ಕನ್ನಡದಲ್ಲಿ ಇದು ಅಶ್ವಶಕ್ತಿ, ಮಲಯಾಳದಲ್ಲಿ ಕುತಿರಶಕ್ತಿ. ನಾವು ಸಂಸ್ಕೃತದ ಕುದುರೆಯನ್ನು ಕಟ್ಟಿದೆವು, ನೆರೆಯವರು ತಮ್ಮ ಮನೆಯ ಕುದುರೆಯನ್ನೇ ಕಟ್ಟಿದರು. ವ್ಯತ್ಯಾಸ ಅಷ್ಟೇ. ನಮ್ಮ ಕಡೆ ಅಡಿಕೆ ತೋಟಕ್ಕೆ ನೀರೆತ್ತಿದ್ದು ಮಾತ್ರ ಕುದುರೆಯಲ್ಲ, ಏತದ ಮನುಷ್ಯ. ಎಂದೂ ಕಾಣದ ಕುದುರೆಯೊಂದು ನಮ್ಮ ಬಾವಿಕಟ್ಟೆಗೆ ಬಂದು ನಿಂತದ್ದು ಹೇಗೆ?

ಇನ್ನೊಂದು ತೊಡಕೂ ಇದೆ. ಹೈಸ್ಕೂಲಿನ ಕನ್ನಡ ವಿಜ್ಞಾನ ಪುಸ್ತಕಗಳು ಎನರ್ಜಿಗೆ ಶಕ್ತಿ ಎನ್ನುತ್ತವೆ, ಪವರಿಗೆ ಸಾಮರ್ಥ್ಯ ಎನ್ನುತ್ತವೆ, ಫೋರ್ಸಿಗೆ ಬಲ ಎನ್ನುತ್ತವೆ. ಹಾಗೆ ನೋಡಿದರೆ ಅಶ್ವಶಕ್ತಿಯಲ್ಲಿರುವ ಶಕ್ತಿ ಶಕ್ತಿಯೇ ಅಲ್ಲ, ಅದು ಸಾಮರ್ಥ್ಯ. ಮಲಯಾಳದಲ್ಲಿ ಎನರ್ಜಿಗೆ ಊರ್ಜಂ ಎಂಬ ಬೇರೆಯ ಪದವಿರುವುದರಿಂದ ಅವರಿಗೆ ಈ ಗೊಂದಲ ಸ್ವಲ್ಪ ಕಡಿಮೆ. ಆದರೆ ಅವರು ಕೆಲಸಕ್ಕೆ ಪ್ರವೃತ್ತಿ ಎನ್ನುತ್ತಾರೆ; ನಮ್ಮ ಕಿವಿಗೆ ಅದು ಮನಸ್ಸಿನ ಒಲವಿನ ಮಾತು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಮುಂದೆ ಮಲಯಾಳದ ಮಕ್ಕಳ ಜೊತೆ ಕಾಲೇಜಿನ ಬೆಂಚಿನಲ್ಲಿ ಕುಳಿತಾಗ ಒಬ್ಬನ ಸಂವೇಗ ಇನ್ನೊಬ್ಬನಿಗೆ ಆಕ್ಕಂ, ಇವನ ವೇಗೋತ್ಕರ್ಷ ಅವನಿಗೆ ತ್ವರಣಂ. ಎರಡು ಭಾಷೆಯ ನಡುವೆ ಬದುಕುವ ನಮಗೆ ಇದು ಹೊಸತೇನಲ್ಲ. ಸಮಾಧಾನದ ಸಂಗತಿಯೆಂದರೆ ಬಲ, ಶಕ್ತಿ, ಸಾಮರ್ಥ್ಯ ಎಂಬ ಈ ಮೂರನ್ನು ಬೇರೆಬೇರೆಯಾಗಿ ಬಿಡಿಸಿಡಲು ಯುರೋಪಿನ ಮಹಾಮಹಾ ಪಂಡಿತರಿಗೂ ಇನ್ನೂರು ವರ್ಷ ಹಿಡಿಯಿತು. ಮೂರನೆಯದಾದ ಸಾಮರ್ಥ್ಯವನ್ನು ಬಿಡಿಸಿದ್ದಂತೂ ಪಂಡಿತರಿಗಿಂತ ಹೆಚ್ಚಾಗಿ ಒಂದು ಬಾಡಿಗೆಯ ಚೀಟಿ. ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಕೌಂಟರಿನಲ್ಲಿ ಕುಳಿತಿರುವ ನನಗೆ ಈ ಭಾಗ ಹೆಚ್ಚು ರುಚಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ವಸ್ತುಗಳು ಏಕೆ ಚಲಿಸುತ್ತವೆ, ಏಕೆ ನಿಲ್ಲುತ್ತವೆ ಎಂಬ ಪ್ರಶ್ನೆ ಹಳೆಯದು. ನಮ್ಮಲ್ಲಿ ಕಣಾದನ ಹೆಸರಿನಲ್ಲಿರುವ ವೈಶೇಷಿಕ ಸೂತ್ರಗಳು ಬಿಟ್ಟ ಬಾಣದ ಮಾತನ್ನು ಎತ್ತುತ್ತವೆ. ಬಿಲ್ಲಿನ ನೂಕಿನಿಂದ ಬಾಣಕ್ಕೆ ಮೊದಲ ಚಲನೆ. ಆ ಚಲನೆಯಿಂದ ಬಾಣದಲ್ಲೇ ಒಂದು ಸಂಸ್ಕಾರ ಹುಟ್ಟಿ ಅದು ಮುಂದಕ್ಕೆ ಒಯ್ಯುತ್ತದೆ. ಸಂಸ್ಕಾರ ತೀರಿದಾಗ ಗುರುತ್ವದಿಂದ ಬೀಳುತ್ತದೆ. ವೇಗ, ಗುರುತ್ವ ಎಂಬ ಇಂದಿನ ಪಾಠಪುಸ್ತಕದ ಪದಗಳು ಅಲ್ಲಿ ಆಗಲೇ ಇವೆ. ನ್ಯೂಟನ್ನನಿಗಿಂತ ಮೊದಲೇ ನಮಗೆ ಎಲ್ಲವೂ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳುವವರ ಸಾಲಿಗೆ ನಾನು ಸೇರಿದವನಲ್ಲ. ಅಲ್ಲಿ ಅಳತೆ ಇಲ್ಲ. ಆದರೆ ಪ್ರಶ್ನೆ ಸರಿಯಾಗಿತ್ತು. ಗ್ರೀಸಿನ ಅರಿಸ್ಟಾಟಲನು ತಳ್ಳುವವನಿರುವವರೆಗೆ ಮಾತ್ರ ಚಲನೆ, ಹಾಗಾದರೆ ಕೈಬಿಟ್ಟ ಬಾಣವನ್ನು ಗಾಳಿಯೇ ಹಿಂದಿನಿಂದ ತಳ್ಳುತ್ತಿರಬೇಕು ಎಂದುಕೊಂಡಿದ್ದ. ಎತ್ತು ನಿಂತರೆ ಗಾಡಿಯೂ ನಿಲ್ಲುವುದನ್ನು ದಿನವೂ ಕಾಣುತ್ತಿದ್ದವರಿಗೆ ಇದು ಸರಿ ಎನಿಸಿದ್ದು ಸಹಜ.

ಅಳತೆ ಬಂದದ್ದು ಇಟಲಿಯ ಗೆಲಿಲಿಯೋನಿಂದ. ನೇರವಾಗಿ ಬೀಳುವ ವಸ್ತುವಿನ ಲೆಕ್ಕ ಹಿಡಿಯಲು ಅವನ ಕಾಲದ ಗಡಿಯಾರಕ್ಕೆ ಸಾಧ್ಯವಿರಲಿಲ್ಲ. ಹಾಗಾಗಿ ಇಳಿಜಾರಾದ ಹಲಗೆಯ ಕಾಲುವೆಯಲ್ಲಿ ಕಂಚಿನ ಗುಂಡನ್ನು ಉರುಳಬಿಟ್ಟು, ಪಾತ್ರೆಯಿಂದ ಸಣ್ಣ ಧಾರೆಯಾಗಿ ಸುರಿದ ನೀರನ್ನು ತೂಗಿ ಸಮಯವನ್ನು ಅಳೆದ. 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾದ ಅವನ ಕೊನೆಯ ದೊಡ್ಡ ಗ್ರಂಥದಲ್ಲಿ ಇದರ ಫಲವಿದೆ: ಬೀಳುವ ದೂರ ಸಮಯದ ವರ್ಗಕ್ಕೆ ಅನುಗುಣ. ನಮ್ಮ ಅಂಗಳದ ಮಾತಿನಲ್ಲಿ ಹೇಳುವುದಾದರೆ, ಕಳಚಿದ ತೆಂಗಿನಕಾಯಿ ಮೊದಲ ಸೆಕೆಂಡಿನಲ್ಲಿ ಐದು ಮೀಟರು ಬಿದ್ದರೆ ಎರಡು ಸೆಕೆಂಡಿನಲ್ಲಿ ಇಪ್ಪತ್ತು ಮೀಟರು ಬಿದ್ದಿರುತ್ತದೆ. ವೇಗ ಮಾತ್ರ ಎರಡೇ ಪಟ್ಟು. ಈ ನಾಲ್ಕು ಮತ್ತು ಎರಡರ ಜೋಡಿಯನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕು, ಮುಂದೆ ದೊಡ್ಡ ಜಗಳಕ್ಕೆ ಕಾರಣವಾಗಲಿದೆ.

1687ರ ಪ್ರಿನ್ಸಿಪಿಯಾದಲ್ಲಿ ನ್ಯೂಟನ್ ಬಲದ ಮಾತನ್ನು ಗಟ್ಟಿಮಾಡಿದ. ಚಲನೆ ಇರಲು ಬಲ ಬೇಡ, ಚಲನೆ ಬದಲಾಗಲು ಬೇಕು. ಎತ್ತು ಎಳೆಯುವುದು ಗಾಡಿಯನ್ನು ನಡೆಸುತ್ತಿರುವುದಕ್ಕಿಂತ ಹೆಚ್ಚಾಗಿ ಅಚ್ಚಿನ ಮತ್ತು ನೆಲದ ಘರ್ಷಣೆಗೆ ಎದುರಾಗಿ. ಮೂರು ಪದಗಳಲ್ಲಿ ಒಂದು ಹೀಗೆ ಬಿಡಿಸಿಕೊಂಡಿತು ಎನ್ನಬಹುದು. ಪೂರ್ತಿಯಾಗಿ ಅಲ್ಲ, ಜಡತ್ವಕ್ಕೂ ನ್ಯೂಟನ್ ಬಲ ಎಂಬ ಲ್ಯಾಟಿನ್ ಪದವನ್ನೇ ಬಳಸಿದ್ದಾನೆ.

ಜಗಳ ಹತ್ತಿದ್ದು ಇನ್ನೊಂದು ಕಡೆ. ಓಡುತ್ತಿರುವ ವಸ್ತುವಿನಲ್ಲಿ ಏನೋ ತುಂಬಿದೆ, ಹೊಡೆದಾಗ ಗೊತ್ತಾಗುತ್ತದೆ. ಅದನ್ನು ಅಳೆಯುವುದು ಹೇಗೆ? ಫ್ರಾನ್ಸಿನ ಡೆಕಾರ್ಟನು ವಸ್ತುವಿನ ಗಾತ್ರವನ್ನು ವೇಗದಿಂದ ಗುಣಿಸಿ ಎಂದಿದ್ದ. 1686ರಲ್ಲಿ ಜರ್ಮನಿಯ ಲೈಬ್ನಿಟ್ಸನು ಅದು ತಪ್ಪು, ವೇಗದ ವರ್ಗದಿಂದ ಗುಣಿಸಬೇಕು ಎಂದು ಬರೆದ. ಅವನ ವಾದಕ್ಕೆ ಆಧಾರ ಗೆಲಿಲಿಯೋನ ಲೆಕ್ಕವೇ: ನಾಲ್ಕು ಪಟ್ಟು ಎತ್ತರದಿಂದ ಬಿದ್ದದ್ದಕ್ಕೆ ಎರಡು ಪಟ್ಟು ವೇಗವಾದರೆ, ನಾಲ್ಕು ಪಟ್ಟು ಎತ್ತರಕ್ಕೆ ಹೊತ್ತು ಏರಿಸಿದ ದುಡಿಮೆ ಎಲ್ಲಿ ಹೋಯಿತು? ಈ ವರ್ಗದ ಲೆಕ್ಕಕ್ಕೆ ಅವನು ಜೀವಂತ ಬಲ ಎಂಬ ಅರ್ಥದ ಹೆಸರಿಟ್ಟ. ಇಂಗ್ಲೆಂಡಿನವರೂ ಫ್ರೆಂಚರೂ ಜರ್ಮನರೂ ದಶಕಗಟ್ಟಲೆ ಕಚ್ಚಾಡಿದರು. ಇದರಲ್ಲಿ ದೇಶಾಭಿಮಾನದ ಪಾಲೂ ಇತ್ತು. ಗಡಿಯವರಾದ ನಮಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ಲೈಡನ್ನಿನ ಪ್ರೊಫೆಸರ್ ಗ್ರಾವೆಸಾಂಡೆ ನ್ಯೂಟನ್ನನ ಪಕ್ಷದವನು. 1722ರ ಸುಮಾರಿಗೆ ಅವನು ಹಿತ್ತಾಳೆಯ ಗುಂಡುಗಳನ್ನು ಬೇರೆಬೇರೆ ಎತ್ತರದಿಂದ ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ಗುಳಿಗಳನ್ನು ಅಳೆದ. ವೇಗ ಎರಡು ಪಟ್ಟಾದರೆ ಗುಳಿ ನಾಲ್ಕು ಪಟ್ಟು. ಎದುರುಪಕ್ಷದ ಲೆಕ್ಕವೇ ಸರಿಯಾಯಿತು, ಅವನು ಅದನ್ನು ಒಪ್ಪಿಕೊಂಡ. ಈ ಮಾತನ್ನು ಫ್ರಾನ್ಸಿನಲ್ಲಿ ಗಟ್ಟಿಯಾಗಿ ಹೇಳಿದವಳು ಎಮಿಲಿ ದು ಶಾತಲೆ ಎಂಬ ಹೆಂಗಸು. 1740ರ ತನ್ನ ಭೌತಶಾಸ್ತ್ರದ ಪುಸ್ತಕದಲ್ಲಿ ಅವಳು ಲೈಬ್ನಿಟ್ಸನ ಪಕ್ಷ ಹಿಡಿದಾಗ ಪ್ಯಾರಿಸ್ ಅಕಾಡೆಮಿಯ ಕಾರ್ಯದರ್ಶಿಯಾಗಿದ್ದ ಮೇರಾನ್ ಎದುರು ಬರೆದ. ಅವಳು ಅದಕ್ಕೂ ಅಚ್ಚಿನಲ್ಲೇ ಉತ್ತರ ಕೊಟ್ಟಳು. ಅವಳ ಸಂಗಾತಿಯಾಗಿದ್ದ ಪ್ರಸಿದ್ಧ ವೋಲ್ಟೇರನೂ ಈ ವಿಷಯದಲ್ಲಿ ಅವಳ ಕಡೆ ಇರಲಿಲ್ಲ. ನಲವತ್ತೆರಡನೆಯ ವಯಸ್ಸಿನಲ್ಲಿ ಗರ್ಭಿಣಿಯಾದಾಗ ಅವಳು ನ್ಯೂಟನ್ನನ ಗ್ರಂಥವನ್ನು ಫ್ರೆಂಚಿಗೆ ತರುವ ಕೆಲಸದಲ್ಲಿದ್ದಳು. ಉಳಿಯುವ ನಂಬಿಕೆ ಇಲ್ಲದೆ ಹಗಲು ರಾತ್ರಿ ಕುಳಿತು ಮುಗಿಸಿದಳು. 1749ರ ಸೆಪ್ಟೆಂಬರಿನಲ್ಲಿ ಹೆರಿಗೆಯಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಪುಸ್ತಕ ಪೂರ್ತಿಯಾಗಿ ಹೊರಬಂದದ್ದು ಹತ್ತು ವರ್ಷಗಳ ಮೇಲೆ, 1759ರಲ್ಲಿ. ನಮ್ಮ ಪಾಠಪುಸ್ತಕಗಳಲ್ಲಿ ಅವಳ ಹೆಸರನ್ನು ನಾನು ಕಂಡಿಲ್ಲ.

ಅವಳು ಹೇಳಿದ್ದು ಹೆದ್ದಾರಿಯಲ್ಲಿ ಈಗಲೂ ದಿನನಿತ್ಯ ನಿಜವಾಗುತ್ತಿದೆ. ನಲವತ್ತು ಕಿಲೋಮೀಟರ್ ವೇಗದ ಬಸ್ಸು ಬ್ರೇಕು ಹಾಕಿ ನಿಲ್ಲಲು ಎಷ್ಟು ದೂರ ಬೇಕೋ, ಎಂಬತ್ತರ ವೇಗಕ್ಕೆ ಅದರ ನಾಲ್ಕು ಪಟ್ಟು ಬೇಕು. ಎರಡು ಪಟ್ಟಲ್ಲ. ಶಾಲೆ ಬಿಡುವ ಹೊತ್ತಿನಲ್ಲಿ ರಸ್ತೆ ಬದಿ ನಿಂತ ಮಗುವಿಗೂ ಚಾಲಕನಿಗೂ ಈ ವ್ಯತ್ಯಾಸ ಗೊತ್ತಿರುವುದು ಒಳ್ಳೆಯದು.

ಇಲ್ಲಿಯವರೆಗೆ ಸಮಯದ ಮಾತು ಬಂದಿಲ್ಲ. ಒಂದು ಭಾರವನ್ನು ಒಂದು ಎತ್ತರಕ್ಕೆ ಏರಿಸಿದರೆ, ಒಂದು ಗಳಿಗೆಯಲ್ಲಿ ಏರಿಸಲಿ ಒಂದು ದಿನದಲ್ಲಿ ಏರಿಸಲಿ, ಕೆಲಸ ಅಷ್ಟೇ. ಪಂಡಿತರಿಗೆ ಅಷ್ಟು ಸಾಕಿತ್ತು. ಬಾಡಿಗೆ ಕೊಡುವವನಿಗೆ ಸಾಲದು.

ಇಂಗ್ಲೆಂಡಿನ ಗಣಿಗಳಲ್ಲಿ ನೀರು ತುಂಬುವುದು ದೊಡ್ಡ ಪೀಡೆಯಾಗಿತ್ತು. ಕುದುರೆಗಳನ್ನು ಗಾಣದಂತೆ ಸುತ್ತಿಸಿ ನೀರೆತ್ತುತ್ತಿದ್ದರು. 1702ರಲ್ಲಿ ಥಾಮಸ್ ಸೇವರಿ ಎಂಬವನು ತನ್ನ ಬೆಂಕಿಯ ಯಂತ್ರವನ್ನು ಹೊಗಳಿ ಬರೆದ ಪುಸ್ತಕದಲ್ಲಿ ಒಂದು ಜಾಣ ಲೆಕ್ಕ ಹಾಕಿದ್ದಾನೆ. ಏಕಕಾಲಕ್ಕೆ ಎರಡು ಕುದುರೆ ಮಾಡುವ ಕೆಲಸವನ್ನು ಯಂತ್ರ ಮಾಡಿದರೆ, ಅದು ಎರಡು ಕುದುರೆಗಲ್ಲ, ಹತ್ತು ಹನ್ನೆರಡು ಕುದುರೆಗೆ ಸಮ. ಏಕೆಂದರೆ ಕುದುರೆ ದಣಿಯುತ್ತದೆ, ಸರದಿಗೆ ಅಷ್ಟನ್ನು ಸಾಕಬೇಕು. ಮಾರುವವನ ಮಾತು, ಆದರೆ ಸುಳ್ಳಲ್ಲ. 1712ರಲ್ಲಿ ನ್ಯೂಕಾಮನ್ ಇನ್ನೂ ಉತ್ತಮ ಯಂತ್ರವನ್ನು ಡಡ್ಲಿ ಎಂಬಲ್ಲಿ ನಿಲ್ಲಿಸಿದ. ನೀರು ಬಂತು, ಆದರೆ ಅದು ಕಲ್ಲಿದ್ದಲನ್ನು ರಾಕ್ಷಸನಂತೆ ತಿನ್ನುತ್ತಿತ್ತು.

ಜೇಮ್ಸ್ ವಾಟ್ 1736ರಲ್ಲಿ ಸ್ಕಾಟ್ಲೆಂಡಿನ ಗ್ರೀನಕ್ಕಿನಲ್ಲಿ ಹುಟ್ಟಿದವನು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ. 1763ರ ಚಳಿಗಾಲದಲ್ಲಿ ನ್ಯೂಕಾಮನ್ ಯಂತ್ರದ ಒಂದು ಸಣ್ಣ ಮಾದರಿ ಅವನ ಕೈಗೆ ರಿಪೇರಿಗೆ ಬಂತು. ಪ್ರತಿ ಸಲವೂ ಸಿಲಿಂಡರನ್ನು ಬಿಸಿ ಮಾಡಿ, ತಣ್ಣೀರು ಹಾಕಿ ತಣಿಸಿ, ಮತ್ತೆ ಬಿಸಿ ಮಾಡುವುದರಲ್ಲೇ ಹೆಚ್ಚಿನ ಹಬೆ ಹಾಳಾಗುತ್ತಿದೆ ಎಂದು ಅವನು ಕಂಡುಕೊಂಡ. 1765ರ ಮೇ ತಿಂಗಳ ಒಂದು ಭಾನುವಾರ ಮೈದಾನದಲ್ಲಿ ಅಡ್ಡಾಡುತ್ತಿರುವಾಗ ಉಪಾಯ ಹೊಳೆಯಿತು: ಹಬೆಯನ್ನು ಬೇರೆ ಪಾತ್ರೆಯಲ್ಲಿ ತಣಿಸಿದರಾಯಿತು, ಸಿಲಿಂಡರು ಬಿಸಿಯಾಗಿಯೇ ಇರಲಿ. 1769ರಲ್ಲಿ ಪೇಟೆಂಟ್ ಸಿಕ್ಕಿತು. 1775ರಲ್ಲಿ ಬರ್ಮಿಂಗ್‌ಹ್ಯಾಮಿನ ಉದ್ಯಮಿ ಮ್ಯಾಥ್ಯೂ ಬೋಲ್ಟನ್ ಜೊತೆಗೂಡಿದ. ಅದೇ ವರ್ಷ ಪಾರ್ಲಿಮೆಂಟು ಪೇಟೆಂಟನ್ನು 1800ರವರೆಗೆ ವಿಸ್ತರಿಸಿತು.

ಇವರಿಬ್ಬರ ವ್ಯಾಪಾರದ ಕ್ರಮ ಬಹಳ ಸೊಗಸು. ಹಳೆಯ ಯಂತ್ರಕ್ಕೆ ಹೋಲಿಸಿದರೆ ನಿಮಗೆ ಎಷ್ಟು ಕಲ್ಲಿದ್ದಲು ಉಳಿಯುತ್ತದೋ ಅದರ ಬೆಲೆಯ ಮೂರನೆಯ ಒಂದು ಪಾಲು ನಮಗೆ ಕೊಡಿ ಎಂದರು. ಕಾರ್ನ್‌ವಾಲಿನ ತಾಮ್ರ, ತವರದ ಗಣಿಗಳಲ್ಲಿ ಇದು ಚೆನ್ನಾಗಿ ನಡೆಯಿತು. ಅಲ್ಲಿಗೆ ಕಲ್ಲಿದ್ದಲು ವೇಲ್ಸಿನಿಂದ ಹಡಗಿನಲ್ಲಿ ಬರಬೇಕಿತ್ತು, ಉಳಿದ ಒಂದೊಂದು ಗಾಡಿಯೂ ಹಣ. ಯಂತ್ರ ಎಷ್ಟು ಸಲ ಏರಿಳಿಯಿತೆಂದು ಎಣಿಸುವ ಲೆಕ್ಕಪೆಟ್ಟಿಗೆಯನ್ನು ಜೋಡಿಸಿ ಅದಕ್ಕೆ ಬೀಗ ಹಾಕಿ ಇಟ್ಟರು. ಇಂದಿನ ಕರೆಂಟಿನ ಮೀಟರಿನ ಅಜ್ಜ ಎಂದರೂ ಸರಿ. ಗಣಿಯವರು ಮೊದಮೊದಲು ಸಂತೋಷದಿಂದ ಕೊಟ್ಟರು, ಆಮೇಲೆ ಗೊಣಗುತ್ತ ಕೊಟ್ಟರು, ಕೊನೆಗೆ ಕೋರ್ಟಿಗೆ ಹೋಗುವ ತನಕ ಬಂತು. ಸಾಲ ಕೊಟ್ಟವರಿಗೆಲ್ಲ ಪರಿಚಯವಿರುವ ಹಾದಿ.

1781ರ ಬಳಿಕ ವಾಟ್ ಚಕ್ರ ತಿರುಗಿಸುವ ಯಂತ್ರಗಳನ್ನು ಮಾಡತೊಡಗಿದಾಗ ಹೊಸ ತೊಂದರೆ ಎದುರಾಯಿತು. ಈಗ ಗಿರಾಕಿಗಳು ಹಿಟ್ಟಿನ ಗಿರಣಿಯವರು, ಹತ್ತಿಯವರು, ಬಿಯರ್ ಕಾಯಿಸುವವರು. ಅವರ ಬಳಿ ಹಳೆಯ ಹಬೆಯಂತ್ರವೇ ಇರಲಿಲ್ಲ, ಕುದುರೆಗಳಿದ್ದವು. ಉಳಿದ ಕಲ್ಲಿದ್ದಲಿನ ಪಾಲು ಎಲ್ಲಿಂದ ತರುವುದು? ಹಾಗಾಗಿ ಎಷ್ಟು ಕುದುರೆಯ ಬದಲಿಗೆ ಎಂಬುದರ ಮೇಲೆ ವರ್ಷಕ್ಕೆ ಕುದುರೆಯೊಂದಕ್ಕೆ ಐದಾರು ಪೌಂಡಿನಂತೆ ಬಾಡಿಗೆ ಗೊತ್ತುಮಾಡಿದರು. ಹಾಗೆ ಗೊತ್ತುಮಾಡಬೇಕಾದರೆ ಕುದುರೆ ಎಂದರೆ ಎಷ್ಟು ಎಂದು ಮೊದಲು ಬರೆದಿಡಬೇಕು. ಕೆಲಸದ ಮೊತ್ತ ಬರೆದರೆ ಪ್ರಯೋಜನವಿಲ್ಲ, ಮುದಿ ಕುದುರೆಯೂ ತಿಂಗಳುಗಟ್ಟಲೆ ಸುತ್ತಿದರೆ ಬೆಟ್ಟದಷ್ಟು ಕೆಲಸ ಮಾಡುತ್ತದೆ. ನಿಮಿಷಕ್ಕೆ ಎಷ್ಟು ಎಂದು ಬರೆಯಬೇಕು. ಭೌತಶಾಸ್ತ್ರದ ಈ ಕಡತಕ್ಕೆ ಗಡಿಯಾರ ಹೊಕ್ಕದ್ದು ಹೀಗೆ.

ವಾಟ್ ಹಿಡಿದ ಲೆಕ್ಕ ಇದು. ಗಿರಣಿಯ ಕುದುರೆ ಹನ್ನೆರಡು ಅಡಿ ತ್ರಿಜ್ಯದ ವೃತ್ತದಲ್ಲಿ ಗಂಟೆಗೆ 144 ಸುತ್ತು ಬರುತ್ತದೆ, 180 ಪೌಂಡಿನ ಬಲದಿಂದ ಎಳೆಯುತ್ತದೆ. ಅಂದರೆ ನಿಮಿಷಕ್ಕೆ ಸುಮಾರು 181 ಅಡಿ ನಡೆದಂತಾಯಿತು. 180ರಿಂದ ಗುಣಿಸಿದರೆ 32,572 ಬರುತ್ತದೆ. ಅದನ್ನು ದುಂಡಾಗಿಸಿ 33,000 ಎಂದ: ನಿಮಿಷಕ್ಕೆ 33,000 ಪೌಂಡನ್ನು ಒಂದು ಅಡಿ ಎತ್ತುವುದು ಒಂದು ಕುದುರೆ. ಅವನಿಗಿಂತ ಮೊದಲೇ ಕುದುರೆಯನ್ನು ಅಳೆದವರಿದ್ದರು. ಎಂಜಿನಿಯರ್ ಸ್ಮೀಟನ್ನನ ಲೆಕ್ಕದಲ್ಲಿ ಅದು 23,000ದ ಆಸುಪಾಸು, ಡೆಸಗುಲಿಯರ್ಸ್ ಎಂಬವನ ಲೆಕ್ಕದಲ್ಲಿ 44,000. ಸಾಧಾರಣ ಕುದುರೆ ದಿನವಿಡೀ ದುಡಿಯುವಾಗ ವಾಟ್ ಹೇಳಿದಷ್ಟನ್ನು ಕೊಡಲಾರದು. ಕೆಲವು ಸೆಕೆಂಡುಗಳ ಮಟ್ಟಿಗಾದರೆ ಹದಿನೈದು ಅಶ್ವಶಕ್ತಿಯವರೆಗೂ ಕೊಟ್ಟೀತು ಎಂದು 1993ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರವಿದೆ.

ವಾಟ್ ತನ್ನ ಯಂತ್ರವನ್ನು ದೊಡ್ಡದು ಮಾಡಿ ತೋರಿಸಲು ಲೆಕ್ಕ ಉಬ್ಬಿಸಿದ ಎಂದು ಕೆಲವರು ಹೇಳುವುದುಂಟು. ನನಗೆ ಇದು ತಲೆಕೆಳಗಾಗಿ ಕಾಣುತ್ತದೆ. ಕುದುರೆಯನ್ನು ದೊಡ್ಡದು ಮಾಡಿದರೆ ಯಂತ್ರದ ಲೆಕ್ಕದಲ್ಲಿ ಕುದುರೆಗಳು ಕಡಿಮೆಯಾಗುತ್ತವೆ, ಅವನಿಗೆ ಬರುವ ಬಾಡಿಗೆಯೂ ಕಡಿಮೆಯಾಗುತ್ತದೆ. ಹತ್ತು ಕುದುರೆಯ ಯಂತ್ರ ಕೊಂಡವನು ತನ್ನ ಲಾಯದ ಹತ್ತು ಕುದುರೆಗಿಂತ ಹೆಚ್ಚಿನ ಕೆಲಸ ಕಂಡು ತೃಪ್ತನಾಗುತ್ತಾನೆ. ತೂಕಕ್ಕೆ ಒಂದು ಹಿಡಿ ಹೆಚ್ಚು ಹಾಕಿ ಗಿರಾಕಿಯನ್ನು ಉಳಿಸಿಕೊಳ್ಳುವ ಅಂಗಡಿಯವನ ಬುದ್ಧಿ ಇದು. ಲಂಡನ್ನಿನ ವಿಟ್‌ಬ್ರೆಡ್ ಎಂಬ ಬಿಯರಿನವರು 1785ರಲ್ಲಿ ಒಂದು ಯಂತ್ರ ನಿಲ್ಲಿಸಿ ಮಾಲ್ಟ್ ಅರೆಯುವ ಕುದುರೆಗಳನ್ನು ಬಿಡಿಸಿದರು. ಅದು ಶತಮಾನ ಕಾಲ ದುಡಿದು ಕೊನೆಗೆ ಆಸ್ಟ್ರೇಲಿಯಾದ ಸಿಡ್ನಿಯ ಮ್ಯೂಸಿಯಂ ಸೇರಿತು. ಕುದುರೆಗಳ ಪಾಡು ಏನಾಯಿತೆಂದು ಯಾರೂ ಬರೆದಿಟ್ಟಂತಿಲ್ಲ.

ಉಳಿದದ್ದು ಬೇಗ ಹೇಳಿ ಮುಗಿಸಬಹುದು. 1807ರಲ್ಲಿ ಥಾಮಸ್ ಯಂಗ್ ಲೈಬ್ನಿಟ್ಸನ ಜೀವಂತ ಬಲಕ್ಕೆ ಎನರ್ಜಿ ಎಂಬ ಪದ ಹಾಕಿದ. 1829ರಲ್ಲಿ ಕೊರಿಯೊಲಿಸ್ ಕೆಲಸ ಎಂಬ ಮಾತಿಗೆ ಬಲವನ್ನು ದೂರದಿಂದ ಗುಣಿಸುವ ಅರ್ಥವನ್ನು ಗೊತ್ತುಮಾಡಿ, ಚಲನಶಕ್ತಿಯ ಲೆಕ್ಕಕ್ಕೆ ಅರ್ಧ ಎಂಬುದನ್ನು ಸೇರಿಸಿದ. ಮ್ಯಾಂಚೆಸ್ಟರ್ ಕಡೆಯ ಜೌಲ್ 1840ರ ದಶಕದಲ್ಲಿ, ಇಳಿಯುವ ತೂಕದಿಂದ ನೀರಿನೊಳಗೆ ರೆಕ್ಕೆ ತಿರುಗಿಸಿ, ದುಡಿಮೆ ಬಿಸಿಯಾಗಿ ಮಾರ್ಪಡುವುದನ್ನು ತೋರಿಸಿದ: ಒಂದು ಪೌಂಡು ನೀರನ್ನು ಒಂದು ಫ್ಯಾರನ್‌ಹೀಟ್ ಡಿಗ್ರಿ ಬಿಸಿ ಮಾಡಲು 772 ಪೌಂಡು ಒಂದು ಅಡಿ ಇಳಿಯಬೇಕು. ಇವನೂ ಬಿಯರ್ ಕಾಯಿಸುವವರ ಮನೆಯವನೇ. ಪದದ ಗೊಂದಲ ಮಾತ್ರ ಆಗಲೂ ಮುಗಿದಿರಲಿಲ್ಲ. 1847ರಲ್ಲಿ ಹೆಲ್ಮ್‌ಹೋಲ್ಟ್ಸ್ ಶಕ್ತಿ ನಾಶವಾಗದು ಎಂದು ಬರೆದ ಪ್ರಸಿದ್ಧ ಪ್ರಬಂಧದ ಜರ್ಮನ್ ಹೆಸರಿನಲ್ಲಿ ಇರುವುದು ಬಲ ಎಂಬ ಪದ! ಹಾಗಿರುವಾಗ ನಮ್ಮ ಅಶ್ವಶಕ್ತಿಯ ಮೇಲೆ ದೋಷ ಹೊರಿಸುವಂತಿಲ್ಲ. 1882ರಲ್ಲಿ ಸೌತಾಂಪ್ಟನ್ನಿನ ಸಭೆಯಲ್ಲಿ ವಿಲಿಯಂ ಸೀಮೆನ್ಸ್ ಸಾಮರ್ಥ್ಯದ ಹೊಸ ಮಾನಕ್ಕೆ ವಾಟ್ ಎಂಬ ಹೆಸರನ್ನು ಸೂಚಿಸಿದ. ಕುದುರೆಯೊಂದಕ್ಕೆ 746 ವಾಟ್. ಕುದುರೆಯನ್ನು ಅಳೆದವನ ಹೆಸರೇ ಕುದುರೆಯನ್ನು ಬದಿಗೆ ಸರಿಸಿತು, ಪಂಪಿನ ತಗಡಿನ ಮೇಲೆ ಮಾತ್ರ ಅದು ಇನ್ನೂ ಮೇಯುತ್ತಿದೆ.

ಇನ್ನು ನಮ್ಮ ಏತಕ್ಕೆ ಬರೋಣ. ದಿನವಿಡೀ ದುಡಿಯುವ ಗಟ್ಟಿಮುಟ್ಟಾದ ಆಳಿನ ಸಾಮರ್ಥ್ಯ ಸುಮಾರು 75 ವಾಟ್, ಕುದುರೆಯ ಹತ್ತನೆಯ ಒಂದು. ಏತದ ಹಿಂದಿನ ತುದಿಗೆ ಕಟ್ಟಿದ ಕಲ್ಲು ಅವನು ಹಾಕಬೇಕಾದ ಬಲವನ್ನು ಹಗುರ ಮಾಡುತ್ತದೆ, ಕೆಲಸವನ್ನು ಅಲ್ಲ; ಕಲ್ಲನ್ನು ಮೇಲೆತ್ತಿದವನೂ ಅವನೇ. ಎಂಟು ಗಂಟೆ ಹೀಗೆ ಎಳೆದರೆ ಆಗುವ ಕೆಲಸ ಕರೆಂಟಿನ ಲೆಕ್ಕದಲ್ಲಿ 0.6 ಯೂನಿಟ್. ಒಂದು ಯೂನಿಟ್ಟೂ ಅಲ್ಲ. ಐದು ಅಶ್ವಶಕ್ತಿಯ ಮೋಟರು ಅದನ್ನು ಹತ್ತು ನಿಮಿಷದಲ್ಲಿ, ಪಂಪಿನ ನಷ್ಟ ಸೇರಿಸಿದರೂ ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತದೆ. ನಮ್ಮ ಹಿರಿಯರ ತೋಟಗಳಿಗೆ ಬೆಳಕು ಹರಿಯುವ ಮೊದಲೇ ಬಂದು ಏತ ಹಿಡಿಯುತ್ತಿದ್ದವರ ಹೆಸರು ಯಾವ ದಸ್ತಾವೇಜಿನಲ್ಲೂ ಇಲ್ಲ. ಅವರ ಅಂಗೈ ಹೇಗಿತ್ತೆಂದು ನನ್ನ ತಂದೆ ಹೇಳುತ್ತಿದ್ದರು: ಬೆರಳುಗಳನ್ನು ಪೂರ್ತಿ ನೇರ ಮಾಡಲು ಆಗುತ್ತಿರಲಿಲ್ಲವಂತೆ. ಬಾಯಾರು ಕಡೆಯ ಗುಡ್ಡಗಳಲ್ಲಿ ಸುರಂಗ ಕೊರೆದವರ ತೋಟಗಳಿಗೆ ಈ ಪಾಡಿರಲಿಲ್ಲ. ಅಡ್ಡಕ್ಕೆ ಕೊರೆದ ಸುರಂಗದಿಂದ ನೀರು ತಾನೇ ಇಳಿದು ಬರುತ್ತದೆ; ಅದನ್ನು ಗುಡ್ಡಕ್ಕೆ ಏರಿಸಿದ್ದು ಬಿಸಿಲು ಮತ್ತು ಮೋಡ.

ಬ್ಯಾಂಕಿಗೆ ಪಂಪ್‌ಸೆಟ್ ಸಾಲಕ್ಕೆ ಬರುವವರು ಹೆಚ್ಚಾಗಿ ಕೇಳುವ ಮಾತು: ಮೂರು ಸಾಕೋ, ಐದು ಬೇಕೋ? ನೆರೆಮನೆಯವರು ಐದು ಹಾಕಿಸಿದ್ದರೆ ಉತ್ತರ ಮೊದಲೇ ಆಗಿಹೋಗಿರುತ್ತದೆ. ನಾನು ಪಾಸ್‌ಬುಕ್ಕನ್ನು ಮುಂದಿಟ್ಟು ಹೇಳುವುದುಂಟು: ಖಾತೆಯಲ್ಲಿರುವ ಮೊತ್ತ ಶಕ್ತಿ, ತಿಂಗಳಿಗೆ ಎಷ್ಟು ತೆಗೆಯುತ್ತೀರಿ ಎಂಬುದು ಸಾಮರ್ಥ್ಯ. ಇಪ್ಪತ್ತು ಸಾವಿರ ಲೀಟರು ನೀರನ್ನು ಹದಿನೈದು ಮೀಟರು ಏರಿಸಲು ಬೇಕಾದ ಕೆಲಸ ಸುಮಾರು 0.8 ಯೂನಿಟ್, ಅರ್ಧ ನಷ್ಟವೆಂದು ಹಿಡಿದರೆ 1.6. ಮೂರರ ಪಂಪಿಗೆ ಇದಕ್ಕೆ ಮುಕ್ಕಾಲು ಗಂಟೆ ಬೇಕು, ಐದರದ್ದಕ್ಕೆ ಇಪ್ಪತ್ತಾರು ನಿಮಿಷ. ಯೂನಿಟ್ ಹೆಚ್ಚುಕಡಿಮೆ ಒಂದೇ. ಸಾಲದ ಕಂತು ಒಂದೇ ಅಲ್ಲ. ಮಾರ್ಚ್ ಕಳೆದ ಮೇಲೆ ನಮ್ಮ ಮುರಕಲ್ಲಿನ ಬಾವಿಗಳಲ್ಲಿ ಒರತೆ ಕೊಡುವಷ್ಟೇ ನೀರು. ಐದರ ಪಂಪು ಅದನ್ನು ಬೇಗ ಬತ್ತಿಸಿ ಗಾಳಿ ಎಳೆಯತೊಡಗುತ್ತದೆ. ಸ್ವಿಚ್ಚು ಆರಿಸಿ, ಒರತೆ ಮತ್ತೆ ತುಂಬುವವರೆಗೆ ಕಟ್ಟೆಯ ಮೇಲೆ ಕುಳಿತು ಕಾಯಬೇಕು.